ಸಾರ್ಕೊಕೈಲಸ್ ಫಾಲ್ಕೇಟಸ್ ರಿವ್ಯೂ: ಬೆಟ್ಟದ ಕಾಡಿನ ಪುಟ್ಟ ಆರ್ಕಿಡ್, ಕಿತ್ತಳೆ ಹೂವಿನ ಘಮ

ಸಿಡ್ನಿ, ಮೆಲ್ಬರ್ನ್ ಕಡೆ ಇರೋ ನಮ್ಮ ಕನ್ನಡದೋರು ಸುಮಾರು ಜನ ಕೇಳ್ತಾನೇ ಇರ್ತಾರೆ, ಚಳಿ ತಡ್ಕೊಳ್ಳೋ, ಜಾಸ್ತಿ ಜಾಗ ಕೇಳದ, ಆದ್ರೆ ಒಳ್ಳೆ ಘಮ ಇರೋ ಹೂವಿನ ಗಿಡ ಯಾವ್ದಾದ್ರೂ ಇದ್ರೆ ಹೇಳಿ ಅಂತ. ಊರಿನ ನೆನಪಿಗೆ ಅಂತ ಹಾಕಿದ ಮಲ್ಲಿಗೆ ಇಲ್ಲಿನ ಜೂನ್ ಜುಲೈ ಚಳೀಲಿ ಮುದುಡಿ ಕೂತ್ಕೊಳ್ಳುತ್ತೆ, ಸಂಪಿಗೆಗೆ ಜಾಗ ಸಾಲಲ್ಲ, ಸೂಪರ್‌ಮಾರ್ಕೆಟ್ನಲ್ಲಿ ಸಿಗೋ ದೊಡ್ಡ ಹೂವಿನ ಮಾತ್ ಆರ್ಕಿಡ್ ಕಣ್ಣಿಗೆ ಚೆಂದ, ಮೂಗಿಗೆ ಏನೂ ಇಲ್ಲ. ಅವ್ರಿಗೆಲ್ಲ ನಾನು ಹೇಳೋದು ಒಂದೇ ಗಿಡ, ಸಾರ್ಕೊಕೈಲಸ್ ಫಾಲ್ಕೇಟಸ್, ಇಲ್ಲಿನ ಜನ ಆರೆಂಜ್ ಬ್ಲಾಸಮ್ ಆರ್ಕಿಡ್ ಅಂತಾರೆ, ಬೆಳೆಸೋರ ಬಾಯಲ್ಲಿ ಬರೀ ಸಾರ್ಕೊ. ಕೆಲವು ವರ್ಷದಿಂದ ನಮ್ಮನೆ ಹಿತ್ತಲಲ್ಲಿ ನೇತಾಡ್ತಿದೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಯಾಕೆ ಕಡಿಮೆ ಅಂತಾನೂ ಹೇಳ್ತೀನಿ. ಆದ್ರೆ ಮೊದ್ಲೇ ಒಂದು ಮಾತು, ತಂಪಾದ, ಆಡೋ ಗಾಳಿ ಸಿಗೋ ಜಾಗ ನಿಮ್ಮ ಮನೇಲಿ ಇದ್ರೆ ಮಾತ್ರ ತಗೊಳ್ಳಿ, ಅದಿಲ್ದೆ ಬೇರೆ ಏನು ಮಾಡಿದ್ರೂ ಈ ಗಿಡ ನಿಲ್ಲಲ್ಲ.

ಇದು ಪೂರ್ತಿ ಇಲ್ಲಿಯದೇ ಗಿಡ. ಕ್ವೀನ್ಸ್‌ಲ್ಯಾಂಡಿಂದ ಹಿಡ್ದು ನ್ಯೂ ಸೌತ್ ವೇಲ್ಸ್ ಪೂರ್ತಿ ದಾಟಿ ವಿಕ್ಟೋರಿಯಾದ ಪೂರ್ವದ ಮೂಲೆ ತನಕ, ಸಮುದ್ರಕ್ಕೆ ಮುಖ ಮಾಡಿರೋ ಗ್ರೇಟ್ ಡಿವೈಡಿಂಗ್ ರೇಂಜ್ ಬೆಟ್ಟಸಾಲಿನ ಮಳೆಕಾಡುಗಳಲ್ಲಿ ಮರದ ಕೊಂಬೆ ಮೇಲೆ ಬೆಳೆಯುತ್ತೆ. ಮಂಜು ಇಳಿಯೋ, ಪಾಚಿ ಕಟ್ಟಿರೋ, ಬೇಸಿಗೇಲೂ ತಣ್ಣಗಿರೋ ಕಾಡು. ಊರಲ್ಲಿ ಮರದ ಮೇಲೆ ಬೆಳೆಯೋದನ್ನೆಲ್ಲ ಬಂದಳಿಕೆ ಅಂತ ಕರೆದು ಕಿತ್ತು ಹಾಕೋರಿದ್ದಾರೆ, ಆದ್ರೆ ಬಂದಳಿಕೆ ಮರದ ಒಳಗೆ ಬೇರು ಚುಚ್ಚಿ ರಸ ಹೀರುತ್ತೆ, ಆರ್ಕಿಡ್ ಹಾಗಲ್ಲ, ಅದು ತೊಗಟೆ ಹಿಡ್ಕೊಂಡು ಕೂರುತ್ತೆ ಅಷ್ಟೆ, ನೀರು ಮಳೆಯಿಂದ ಮಂಜಿಂದ, ಗೊಬ್ಬರ ಕೊಂಬೆ ಮೇಲೆ ಕೊಳೆತ ಎಲೆ ಕಸದಿಂದ. ಮರಕ್ಕೆ ಒಂದು ಚೂರೂ ತೊಂದ್ರೆ ಇಲ್ಲ.

ಗಿಡ ನೋಡಿದ್ರೆ ಮೊದ್ಲಿಗೆ ಇಷ್ಟೇನಾ ಅನ್ಸುತ್ತೆ. ಅಂಗೈ ಅಗಲ, ಅಷ್ಟೇ. ನಾಲ್ಕೈದು ಎಲೆ, ಕುಡುಗೋಲಿನ ಹಾಗೆ ಸ್ವಲ್ಪ ಬಾಗಿರುತ್ತೆ, ಎಲೆ ತೆಳು, ಹಸಿರು ಮಾಮೂಲಿ. ಬುಡದಲ್ಲಿ ಗೆಡ್ಡೆ ಥರ ನೀರು ಕೂಡಿಡೋ ಭಾಗ ಏನೂ ಇಲ್ಲ, ಇದನ್ನ ನೆನಪಿಟ್ಕೊಳ್ಳಿ, ನೀರಿನ ವಿಷಯ ಬಂದಾಗ ಬೇಕಾಗುತ್ತೆ. ಎಲೆ ಬುಡದಿಂದ ಸಣ್ಣ ದಂಟು ಹೊರಟು ಬಾಗಿ ನೇತಾಡುತ್ತೆ, ಅದ್ರಲ್ಲಿ ಮೂರರಿಂದ ಹನ್ನೆರಡರ ತನಕ ಹೂವು, ಒಂದೊಂದು ಎರಡರಿಂದ ಮೂರು ಸೆಂಟಿಮೀಟರ್ ಅಗಲ. ಬಿಳಿ ಅಂದ್ರೆ ಬೆಳ್ಳಗೆ ಬಿಳಿ, ಕೆಲವು ಗಿಡದಲ್ಲಿ ಸ್ವಲ್ಪ ಕೆನೆ ಬಣ್ಣ. ನಡುವೆ ಇರೋ ತುಟಿಯಂಥ ಪುಟ್ಟ ಎಸಳಲ್ಲಿ ಮಾತ್ರ ಕೇಸರಿ ಮತ್ತೆ ನೇರಳೆ ಗೀರು, ಯಾರೋ ಸಣ್ಣ ಕುಂಚದಲ್ಲಿ ಎಳೆದಿಟ್ಟಂಗೆ. ಆ ತುಟಿ ದಪ್ಪ, ಮಾಂಸಲ, ಭೂತಗನ್ನಡಿ ಹಿಡ್ಕೊಂಡು ನೋಡೋಕೆ ಯೋಗ್ಯವಾದ ಜಾಗ ಅದು, ನನ್ನ ಮಗಳು ಫೋನಿನ ಮ್ಯಾಕ್ರೊ ಲೆನ್ಸಲ್ಲಿ ತೆಗ್ದ ಫೋಟೋ ಇನ್ನೂ ನನ್ನ ಲ್ಯಾಪ್‌ಟಾಪ್ ವಾಲ್‌ಪೇಪರು.

ಈಗ ಘಮದ ವಿಷಯ, ದುಡ್ಡು ಕೊಡೋದೇ ಅದಕ್ಕೆ. ನಾವು ಮೂಡಿಗೆರೆ ಕಡೆಯೋರು, ಕಾಫಿ ತೋಟದ ಮಧ್ಯ ಕಿತ್ತಳೆ ಮರ ಇದ್ದೇ ಇರೋದು, ಹೂಮಳೆ ಬಿದ್ದ ಮೇಲೆ ಕಾಫಿ ಹೂವಿನ ವಾಸನೆ ಒಂದು ಕಡೆ, ಕಿತ್ತಳೆ ಹೂವಿನ ವಾಸನೆ ಇನ್ನೊಂದು ಕಡೆ, ಎರಡೂ ಬೇರೆ ಬೇರೆ, ಗೊತ್ತಿರೋ ಮೂಗಿಗೆ ಗೊಂದಲ ಆಗಲ್ಲ. ಈ ಆರ್ಕಿಡ್ ಹೂವಿನದು ಆ ಎರಡನೇದು. ಹಣ್ಣಿನ ವಾಸನೆ ಅಲ್ಲ, ಸಿಪ್ಪೆ ವಾಸನೆ ಅಲ್ಲ, ಹೂವಿನದೇ, ಸಿಹಿ ಇರುತ್ತೆ ಆದ್ರೆ ತಲೆ ಹಿಡಿಯಲ್ಲ, ಸ್ವಲ್ಪ ಹಸಿರು ಹಸಿರಾಗಿರೋ ತಂಪು ವಾಸನೆ. ಅಮ್ಮ ಇಲ್ಲಿ ಬಂದು ಇದ್ದಾಗ ಒಂದು ಬೆಳಿಗ್ಗೆ ಹಿತ್ತಲ ಬಾಗ್ಲು ತೆಗ್ದು, "ಯಾರ ಮನೇಲೋ ಕಿತ್ತಳೆ ಹೂ ಬಿಟ್ಟಿದೆ ಕಣೋ" ಅಂದ್ರು. ನಾನು ಗಿಡ ತೋರ್ಸಿದ್ರೆ ನಂಬ್ಲೇ ಇಲ್ಲ, ಹತ್ರ ಹೋಗಿ ಮೂಸಿ ನೋಡಿ "ಇಷ್ಟೇ ಇಷ್ಟು ಗಿಡಕ್ಕಾ" ಅಂತ ಮುಟ್ಟಿ ಮುಟ್ಟಿ ನೋಡಿದ್ರು. ಆಮೇಲೆ ಹೂ ಮುಗಿಯೋ ತನಕ ಬೆಳಗಿನ ಕಾಫಿ ಲೋಟ ಹಿಡ್ಕೊಂಡು ಅಲ್ಲೇ ಕೂರ್ತಿದ್ರು.

ಆದ್ರೆ ಒಂದು ಕಂಡೀಷನ್ ಇದೆ, ಮೋಡ ಕವಿದ ತಣ್ಣನೆ ದಿನ ಘಮ ತುಂಬಾ ಕಡಿಮೆ. ಬಿಸಿಲು ಏರಿ ಗಾಳಿ ಸ್ವಲ್ಪ ಬೆಚ್ಚಗಾದ ಮೇಲೆ, ಹತ್ತು ಹನ್ನೊಂದು ಗಂಟೆಯಿಂದ ಮಧ್ಯಾಹ್ನದ ತನಕ ಜೋರು. ರಾತ್ರಿ ಹೊತ್ತು ಮನೆ ತುಂಬ ಹರಡ್ಲಿ ಅಂತ ಬಯಸೋರಿಗೆ, ನಮ್ಮ ರಾತ್ರಿರಾಣಿ ಥರ, ಇದು ಆಗಲ್ಲ. ಆಫೀಸಿಗೆ ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಆರಕ್ಕೆ ಬರೋರಿಗೆ ಶನಿವಾರ ಭಾನುವಾರ ಮಾತ್ರ ಸಿಗುತ್ತೆ ಈ ಸುಖ, ಅದಕ್ಕೆ ಕಾಲು ಸ್ಟಾರ್ ಕಟ್.

ಎಲ್ಲಿ ಸಿಗುತ್ತೆ ಅಂದ್ರೆ, ದೊಡ್ಡ ಗಾರ್ಡನ್ ಚೈನ್ ಅಂಗಡೀಲಿ ಹುಡುಕ್ಬೇಡಿ, ಅಲ್ಲಿ ಸಿಗೋದು ಅಪರೂಪ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇಲ್ಲಿನ ಆರ್ಕಿಡ್ ಸೊಸೈಟಿಗಳು ಕಮ್ಯೂನಿಟಿ ಹಾಲ್‌ಗಳಲ್ಲಿ ಶೋ ಮಾಡ್ತಾರೆ, ಅಲ್ಲಿ ಒಂದು ಮೂಲೇಲಿ ಸೇಲ್ಸ್ ಟೇಬಲ್ ಇಟ್ಟಿರ್ತಾರೆ, ವಯಸ್ಸಾದ ಅಜ್ಜಂದ್ರು ಅಜ್ಜಿಯರು ತಾವೇ ಬೆಳೆಸಿದ ಗಿಡ ತಂದಿಟ್ಟಿರ್ತಾರೆ. ನಾನು ತಗೊಂಡಿದ್ದು ಅಂಥ ಟೇಬಲ್ಲಲ್ಲೇ, ಮೂವತ್ತು ಡಾಲರ್ ಆಸುಪಾಸು, ಹೂ ಬಿಡೋ ಸೈಜಿನ ಗಿಡ, ಕಾರ್ಕ್ ತೊಗಟೆ ತುಂಡಿಗೆ ಕಟ್ಟಿದ್ದು, ಮೊಗ್ಗೂ ಇತ್ತು. ಮಾರಿದ ಅಜ್ಜ ದುಡ್ಡು ತಗೊಳ್ಳೋಕೆ ಮುಂಚೆ ನಂಗೆ ಪ್ರಶ್ನೆ ಕೇಳಿದ್ರು, ಮನೆ ಎಲ್ಲಿ, ಹಿತ್ತಲು ಯಾವ ದಿಕ್ಕಿಗೆ, ಪಶ್ಚಿಮದ ಬಿಸಿಲು ಬೀಳುತ್ತಾ, ಗಾಳಿ ಆಡುತ್ತಾ ಅಂತ. ಸಿಡ್ನಿ ಉತ್ತರದ ಹಾರ್ನ್ಸ್‌ಬಿ ಪಕ್ಕ, ಹಿತ್ತಲು ದಕ್ಷಿಣಕ್ಕೆ, ಹಿಂದೆ ಗಮ್ ಮರದ, ಅಂದ್ರೆ ನಮ್ಮ ನೀಲಗಿರಿ ಥರದ ಮರದ ಕಣಿವೆ ಅಂದ ಮೇಲೇ ಗಿಡ ಪೇಪರ್ ಸುತ್ತಿ ಕೊಟ್ಟಿದ್ದು. ಇಂಥ ಮಾರಾಟಗಾರ ಸಿಕ್ಕಿದ್ರೆ ನಾಲ್ಕು ಡಾಲರ್ ಜಾಸ್ತಿ ಹೇಳಿದ್ರೂ ಚೌಕಾಸಿ ಮಾಡ್ಬೇಡಿ. ಗಿಡದ ಜೊತೆ ಸಿಗೋ ಆ ಹತ್ತು ನಿಮಿಷದ ಮಾತು ಯಾವ ವಿಡಿಯೋದಲ್ಲೂ ಸಿಗಲ್ಲ.

ಆನ್‌ಲೈನ್ ಅನುಭವ ಬೇರೆ. ಎರಡನೇ ಗಿಡ ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದೆ, ಲೇಬಲ್ ಮೇಲೆ ಫಾಲ್ಕೇಟಸ್ ಅಂತಾನೇ ಇತ್ತು, ಬಂದಿದ್ದು ಬೇರೆ ಏನೋ ಹೈಬ್ರಿಡ್. ಎಲೆ ದಪ್ಪ, ಗಟ್ಟಿ, ಹೂ ಬಿಟ್ಟಾಗ ದಂಟು ನೆಟ್ಟಗೆ ನಿಂತ್ಕೊಂಡಿತ್ತು, ಹೂ ಗುಂಡಗೆ ನಡುವೆ ಕೆಂಪು, ನೋಡೋಕೆ ಚೆನ್ನಾಗಿತ್ತು ಆದ್ರೆ ಕಿತ್ತಳೆ ಘಮ ಇಲ್ವೇ ಇಲ್ಲ. ಬರೆದು ಕೇಳಿದ್ದಕ್ಕೆ ಅರ್ಧ ದುಡ್ಡು ವಾಪಸ್ ಕೊಟ್ರು, ಅದೂ ಎರಡು ಮೂರು ಸಲ ಮೇಲ್ ಮಾಡಿದ ಮೇಲೆ. ಯಾರಾದ್ರೂ ಆನ್‌ಲೈನಲ್ಲೇ ತಗೊಳ್ಳೋದಾದ್ರೆ ಅದೇ ಗಿಡದ ಫೋಟೋ ಕಳ್ಸಿ ಅಂತ ಕೇಳಿ, ಎಲೆ ತೆಳ್ಳಗೆ ಒಂದು ಪಕ್ಕಕ್ಕೆ ಬಾಗಿದ್ಯಾ ನೋಡಿ, ಎಲೆ ನೆಟ್ಟಗೆ ಗಟ್ಟಿ ದೋಣಿ ಥರ ಇದ್ರೆ ಅದು ಹೆಚ್ಚಾಗಿ ಹಾರ್ಟ್‌ಮನ್ನಿಯೈ ಕಡೆಯ ಹೈಬ್ರಿಡ್. ಹಾರ್ಟ್‌ಮನ್ನಿಯೈ, ಫಿಟ್ಜ್‌ಜೆರಾಲ್ಡಿಯೈ ಅಂತ ಇದರದೇ ಎರಡು ಅಕ್ಕತಂಗಿ ಜಾತಿ ಇವೆ, ಅವು ಬಂಡೆ ಮೇಲೆ ಬೆಳೆಯೋವು, ಹೂ ಜಾಸ್ತಿ, ಗಿಡ ಗಟ್ಟಿ. ಮಾರ್ಕೆಟ್ಟಲ್ಲಿ ಸಿಗೋ ಸಾರ್ಕೊ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಈ ಎರಡರ ವಂಶದೋವೇ. ಕುಂಡದಲ್ಲಿ ಬೆಳೆಯೋಕೆ ಅವು ಸುಲಭ ಅನ್ನೋದು ನಿಜ, ಆರ್ಕಿಡ್‌ಗೇ ಹೊಸಬರಾದ್ರೆ ಅದ್ರಿಂದ ಶುರು ಮಾಡೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಈ ಘಮಕ್ಕಾಗಿ ಬಂದೋರು ಫಾಲ್ಕೇಟಸ್ಸೇ ಹುಡುಕಿ.

ಕಟ್ಟೋ ರೀತಿ. ಇದನ್ನ ಕುಂಡದಲ್ಲಿ ಹಾಕ್ಬೇಡಿ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಕೆಲವರು ತೊಗಟೆ ಚೂರು ತುಂಬಿದ ಸಣ್ಣ ಕುಂಡದಲ್ಲಿ ಚೆನ್ನಾಗೇ ಬೆಳೆಸ್ತಾರೆ, ಅವರ ಕೈಗುಣ ದೊಡ್ಡದು, ಆದ್ರೆ ಈ ಬೇರು ಕಾಡಲ್ಲಿ ತೊಗಟೆ ಮೇಲೆ ಬಯಲಲ್ಲಿ ಹರಡಿಕೊಂಡು ಮಳೆ ಬಂದಾಗ ತೊಯ್ದು, ಗಾಳಿಗೆ ಒಣಗಿ, ಮತ್ತೆ ತೊಯ್ದು ಬದುಕೋದು. ಕುಂಡದೊಳಗೆ ಒದ್ದೆ ನಿಂತ್ರೆ ಬೇರು ಕಪ್ಪಾಗಿ ಕೊಳೆಯುತ್ತೆ. ಕಾರ್ಕ್ ತೊಗಟೆ ತುಂಡು ಇಲ್ಲಾ ಒರಟು ತೊಗಟೆ ಇರೋ ಗಟ್ಟಿ ಕಟ್ಟಿಗೆ ತುಂಡು ತಗೊಳ್ಳಿ, ಬೇರಿನ ಕೆಳಗೆ ಚಿಟಿಕೆಯಷ್ಟು ಸ್ಫ್ಯಾಗ್ನಮ್ ಅನ್ನೋ ನೀರು ಹಿಡಿಯೋ ಪಾಚಿ, ಜಾಸ್ತಿ ಬೇಡ, ಮೀನುಗಾಳದ ದಾರದಲ್ಲಿ ಸುತ್ತಿ ಕಟ್ಟಿ. ಗಿಡ ನೆಟ್ಟಗೆ ಮೇಲ್ಮುಖ ಕಟ್ಟದೆ ಸ್ವಲ್ಪ ಪಕ್ಕಕ್ಕೆ, ತುದಿ ಕೆಳಗೆ ವಾಲೋ ಹಾಗೆ ಕಟ್ಟಿದ್ರೆ ಒಳ್ಳೇದು, ಕಾಡಲ್ಲೂ ಅದು ನೇತಾಡ್ಕೊಂಡೇ ಬೆಳೆಯೋದು, ಎಲೆ ಸಂದಿಯಲ್ಲಿ ನೀರು ನಿಂತು ಸುಳಿ ಕೊಳೆಯಲ್ಲ. ಹೊಸ ಬೇರು ಬಂದು ತೊಗಟೆಗೆ ಅಂಟ್ಕೊಂಡ ಮೇಲೆ ದಾರ ಬಿಚ್ಬೋದು. ಹಾಗೆ ಅಂಟ್ಕೊಂಡ ಗಿಡನ ಆಮೇಲೆ ಯಾವತ್ತೂ ಕಿತ್ತು ಬೇರೆ ಕಡೆ ಕಟ್ಬೇಡಿ, ಅದಕ್ಕೆ ಅಷ್ಟು ಕೋಪ ಬೇರೆ ಯಾವುದಕ್ಕೂ ಬರಲ್ಲ.

ನೀರು ಕೊಡೋದು ಬೇರು ನೋಡ್ಕೊಂಡು. ಒಣಗಿದಾಗ ಬೇರು ಬೆಳ್ಳಿ ಬಣ್ಣ, ನೀರು ಕುಡಿದ ತಕ್ಷಣ ಹಸಿರು. ಬೇರಿನ ಸುತ್ತ ಸ್ಪಂಜಿನಂಥ ಒಂದು ಪದರ ಇರುತ್ತೆ, ಒಣಗಿದಾಗ ಅದರೊಳಗೆ ಗಾಳಿ ತುಂಬ್ಕೊಂಡು ಬೆಳ್ಳಗೆ ಕಾಣುತ್ತೆ, ನೀರು ತುಂಬಿದ್ರೆ ಪಾರದರ್ಶಕ ಆಗಿ ಒಳಗಿನ ಹಸಿರು ಕಾಣುತ್ತೆ. ಎಷ್ಟು ಸುಲಭದ ಮೀಟರ್ ನೋಡಿ, ಗಿಡನೇ ಬಾಯಾರಿಕೆ ಹೇಳುತ್ತೆ. ಮೊದ್ಲೇ ಹೇಳಿದ ಹಾಗೆ ನೀರು ಕೂಡಿಡೋ ಗೆಡ್ಡೆ ಇದಕ್ಕಿಲ್ಲ, ಹಾಗಾಗಿ ಬೇಸಿಗೇಲಿ ಬೆಳಿಗ್ಗೆ ಒಂದ್ಸಲ ಪೂರ್ತಿ ತೊಯ್ಸಿ, ತುಂಬಾ ಬಿಸಿ ದಿನ ಸಂಜೇನೂ ಒಂದ್ಸಲ, ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕು, ಅದೂ ಬಿಸಿಲು ಬಂದ ಮೇಲೆ. ಮಳೆನೀರು ಹಿಡಿದಿಟ್ಟು ಕೊಟ್ರೆ ಬಹಳ ಒಳ್ಳೇದು, ನಮ್ಮನೆ ಗಟರಿಗೆ ಒಂದು ಸಣ್ಣ ಡ್ರಮ್ ಇಟ್ಟಿದ್ದೀನಿ. ಗೊಬ್ಬರ ಡಬ್ಬದ ಮೇಲೆ ಬರ್ದಿರೋದ್ರಲ್ಲಿ ಕಾಲು ಭಾಗ, ಬೆಳೆಯೋ ಕಾಲದಲ್ಲಿ ಮಾತ್ರ. ಕಾಡಲ್ಲಿ ಯಾರೂ ಚೀಲಗಟ್ಲೆ ಯೂರಿಯಾ ಹಾಕಲ್ಲ ಅಂತ ನೆನಪಿಟ್ಕೊಂಡ್ರೆ ಸಾಕು.

ಬಿಸಿಲು ಅಂದ್ರೆ ಇದಕ್ಕೆ ಆಗಲ್ಲ. ಎಪ್ಪತ್ತು ಪರ್ಸೆಂಟ್ ಶೇಡ್ ನೆಟ್ ಕೆಳಗೆ ಇಲ್ಲಾ ಮರದ ನೆರಳಲ್ಲಿ. ಇಲ್ಲೇ ನಮ್ಮ ಜನಕ್ಕೆ ನಿಜವಾದ ತೊಡಕು, ಯಾಕಂದ್ರೆ ಕನ್ನಡದೋರು ಜಾಸ್ತಿ ಇರೋದು ಸಿಡ್ನಿಯ ಪಶ್ಚಿಮಕ್ಕೆ, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿ, ಇನ್ನೂ ಆಚೆ ದಿ ಪಾಂಡ್ಸ್, ಸ್ಕೋಫೀಲ್ಡ್ಸ್ ಆ ಕಡೆ ಹೊಸ ಬಡಾವಣೆಗಳಲ್ಲಿ. ಸಮುದ್ರದ ಗಾಳಿ ಅಲ್ಲಿ ತನಕ ಮುಟ್ಟೋದೇ ಕಷ್ಟ. 2020ರ ಜನವರಿ 4ಕ್ಕೆ ಆ ಪಶ್ಚಿಮದ ಕಡೆಯ ಪೆನ್ರಿತ್‌ನಲ್ಲಿ 48.9 ಡಿಗ್ರಿ ಮುಟ್ಟಿತ್ತು. ಅಂಥ ದಿನ ಮನುಷ್ಯರೇ ಒಳಗೆ ಸೇರ್ಕೋಬೇಕು, ಮಂಜಿನ ಕಾಡಿನ ಗಿಡದ ಗತಿ ಏನು. ದಿ ಪಾಂಡ್ಸ್‌ನಲ್ಲಿರೋ ನನ್ನ ಗೆಳೆಯನೊಬ್ಬ ಇದನ್ನ ಬಾತ್‌ರೂಮಿಗೆ ಒಯ್ದು ನೇತುಹಾಕ್ತಾನೆ ಅಂಥ ದಿನ, ದಕ್ಷಿಣದ ತಣ್ಣನೆ ಗಾಳಿ ತಿರುಗಿದ ಮೇಲೆ ಆಚೆ ತರ್ತಾನೆ, ಹಂಗೆ ಉಳಿಸ್ಕೊಂಡಿದ್ದಾನೆ. ಸ್ಲ್ಯಾಬ್, ಅಂದ್ರೆ ತೊಗಟೆ ತುಂಡಿನ ಮೇಲೆ ಕಟ್ಟಿರೋದ್ರ ಅನುಕೂಲ ಇದು, ಎತ್ಕೊಂಡು ಓಡ್ಬೋದು. ಅಷ್ಟು ಮಾಡೋಕೆ ಪುರುಸೊತ್ತು ಇಲ್ದೋರು, ಬೇಸಿಗೆ ರಜೆಗೆ ಊರಿಗೆ ಹೋಗಿ ಆರು ವಾರ ಬರದೇ ಇರೋರು, ದಯವಿಟ್ಟು ಹೈಬ್ರಿಡ್ ತಗೊಳ್ಳಿ.

ಚಳಿ ಮಾತ್ರ ಇದಕ್ಕೆ ಲೆಕ್ಕ ಇಲ್ಲ. ನಮ್ಮ ಕಡೆ ರಾತ್ರಿ ನಾಲ್ಕು ಐದು ಡಿಗ್ರಿಗೆ ಇಳಿಯುತ್ತೆ, ಆಚೇನೇ ಇರುತ್ತೆ, ಸುಮ್ನೆ ನಿದ್ದೆ ಮಾಡಿದ ಹಾಗೆ ಇದ್ದು ಚಳಿಗಾಲದ ಕೊನೇಲಿ ಎಲೆ ಸಂದೀಲಿ ಸಾಸಿವೆಯಷ್ಟು ಮೊಗ್ಗು ತೋರಿಸುತ್ತೆ. ಎಲೆ ಮೇಲೆ ಹಿಮ ಕೂರೋ ಜಾಗದಲ್ಲಿ, ಕ್ಯಾನ್‌ಬೆರಾ ಕಡೆಯೋರು, ರಾತ್ರಿ ಒಳಗೆ ಇಡಿ. ಮನೆಯೊಳಗಿನ ಹೀಟರ್ ಹತ್ರ ಮಾತ್ರ ಬೇಡ, ಒಣ ಬಿಸಿ ಗಾಳಿಗೆ ಮೊಗ್ಗು ಹಳದಿಯಾಗಿ ಉದುರುತ್ತೆ. ಕೀಟ ಅಂದ್ರೆ ಎಲೆ ಹಿಂದೆ ಅಂಟೋ ಕಂದು ಶಲ್ಕ ಕೀಟ, ಮತ್ತೆ ರಾತ್ರಿ ಬಂದು ಎಳೆ ಬೇರಿನ ತುದಿ ಮೇಯೋ ಸಿಂಬಳದ ಹುಳು (ಸ್ಲಗ್), ನೇತುಹಾಕಿದ್ರೆ ಎರಡನೇದರ ಕಾಟ ಕಡಿಮೆ.

ಗಿಡ ಸಾಕೋರು ಒಂದ್ಸಲ ಅದರ ಕಾಡು ನೋಡ್ಬೇಕು ಅನ್ನೋದು ನನ್ನ ನಂಬಿಕೆ, ಯಾವ ಕೇರ್ ಶೀಟ್‌ಗಿಂತ ಜಾಸ್ತಿ ಅದು ಕಲಿಸುತ್ತೆ. ನಾವು ಸ್ಕೂಲ್ ರಜೇಲಿ ಡೊರಿಗೊ ನ್ಯಾಷನಲ್ ಪಾರ್ಕಿಗೆ ಹೋಗಿದ್ವಿ, ಸಿಡ್ನಿಯಿಂದ ಕಾರಲ್ಲಿ ಹೆಚ್ಚುಕಮ್ಮಿ ಒಂದು ಹಗಲಿನ ದಾರಿ. ವೊಂಗಾ ವಾಕ್ ಅಂತ ಒಂದು ಸುತ್ತು ಹಾದಿ ಇದೆ, ಕ್ರಿಸ್ಟಲ್ ಶವರ್ ಫಾಲ್ಸ್ ಹಿಂದೆ ಹಾದು ಹೋಗುತ್ತೆ. ಜಲಪಾತದ ಹನಿ ಗಾಳೀಲಿ ತೇಲ್ತಾ ಇರುತ್ತೆ, ಮರಗಳೆಲ್ಲ ಪಾಚಿ, ಜರೀಗಿಡ, ಬಳ್ಳಿ, ಆಗುಂಬೆ ಕಾಡಲ್ಲಿ ಓಡಾಡಿದೋರಿಗೆ ಎದೆ ಒಂದ್ಸಲ ತುಂಬಿ ಬರುತ್ತೆ. ಆರ್ಕಿಡ್ ಹುಡುಕೋಕೆ ಕತ್ತು ಮೇಲೆತ್ತಿ ನಡೀಬೇಕು, ದಪ್ಪ ಕಾಂಡದ ಮೇಲೆ ಕಡಿಮೆ, ಬೆಳಕು ಸೋಸಿ ಬೀಳೋ, ಗಾಳಿ ಆಡೋ ಸಣ್ಣ ಕೊಂಬೆಗಳ ಮೇಲೆ ಜಾಸ್ತಿ. ಅಲ್ಲಿ ನಿಂತು ಮುಖಕ್ಕೆ ಗಾಳಿ ತಾಗಿದಾಗ ಗೊತ್ತಾಯ್ತು ಆ ಅಜ್ಜ ಗಾಳಿ ಗಾಳಿ ಅಂತ ಯಾಕೆ ಅಷ್ಟು ಒತ್ತಿ ಹೇಳಿದ್ರು ಅಂತ. ತೇವ ಇದೆ ಆದ್ರೆ ಉಸಿರುಗಟ್ಟಲ್ಲ, ಎಲೆ ಒದ್ದೆ ಆಗುತ್ತೆ, ಸ್ವಲ್ಪ ಹೊತ್ತಲ್ಲೇ ಆರುತ್ತೆ. ಮನೆಗೆ ಬಂದ ಮೇಲೆ ಗಿಡ ಗೋಡೆ ಮೂಲೆಯಿಂದ ತೆಗ್ದು ಪಕ್ಕದ ದಾರಿ ಗಾಳಿ ಹಾಯೋ ಜಾಗಕ್ಕೆ ಬದಲಾಯಿಸ್ದೆ, ಬೇರಿನ ಓಟ ನೋಡ್ಬೇಕಿತ್ತು ಆ ವರ್ಷ.

ಅಲ್ಲಿಂದ ಇನ್ನೂ ಮೇಲೆ, ನ್ಯೂ ಇಂಗ್ಲೆಂಡ್, ಬ್ಯಾರಿಂಗ್ಟನ್ ಟಾಪ್ಸ್ ಕಡೆ ಎತ್ತರದ ತಣ್ಣನೆ ಕಾಡಲ್ಲಿ ಅಂಟಾರ್ಕ್ಟಿಕ್ ಬೀಚ್ ಅನ್ನೋ ಮರಗಳಿವೆ, ಇವುಗಳ ಸಂಬಂಧಿಕ ಮರಗಳು ನ್ಯೂಜಿಲೆಂಡ್‌ನಲ್ಲಿ, ದಕ್ಷಿಣ ಅಮೆರಿಕದಲ್ಲಿ ಇವೆ, ಎಲ್ಲ ಒಂದೇ ಗೊಂಡ್ವಾನಾ ಖಂಡ ಆಗಿದ್ದ ಕಾಲದ ಗುರುತು. ಆ ಮರದ ಮೇಲೇ ಹೆಚ್ಚುಕಮ್ಮಿ ಪೂರ್ತಿ ಅವಲಂಬಿಸಿರೋ ಇನ್ನೊಂದು ಘಮದ ಆರ್ಕಿಡ್ ಇದೆ, ಡೆಂಡ್ರೋಬಿಯಮ್ ಫಾಲ್ಕೋರೋಸ್ಟ್ರಮ್, ಬೀಚ್ ಆರ್ಕಿಡ್ ಅಂತಾರೆ, ಅದೂ ಬಿಳಿ ಹೂ, ಅದರ ರಿವ್ಯೂ ಬರೆಯೋಕೆ ನನ್ನ ಗಿಡ ಇನ್ನೂ ಹೂ ಬಿಟ್ಟಿಲ್ಲ. ಈ ಮಳೆಕಾಡುಗಳ ಸರಣಿ 1986ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು, 1994ರಲ್ಲಿ ಇನ್ನೂ ವಿಸ್ತರಿಸಿದ್ರು. 2019-20ರ ಬೆಂಕೀಲಿ ಈ ಪರಂಪರೆ ಪ್ರದೇಶದ ಸುಮಾರು ಅರ್ಧ ಬೆಂಕಿ ತಾಗಿತು. ಒದ್ದೆ ಕಾಡು, ಬೆಂಕಿ ಕಾಣೋದೇ ಅಪರೂಪವಾದ ಜಾಗಗಳಿಗೂ ನುಗ್ಗಿತು. ನೆಲದಲ್ಲಿ ಗೆಡ್ಡೆ ಇರೋ ಗಿಡ ಮತ್ತೆ ಚಿಗುರಬೋದು, ಕೊಂಬೆ ಮೇಲಿನ ಆರ್ಕಿಡ್‌ಗೆ ಆ ಅವಕಾಶ ಇಲ್ಲ. ಆ ಬೇಸಿಗೆ ನಮ್ಮನೆ ತನಕ ಹೊಗೆ ಬಂದಿತ್ತು, ಹಿತ್ತಲ ಗಿಡದ ಎಲೆ ಮೇಲಿನ ಬೂದಿ ಒರೆಸುವಾಗ ಮನಸ್ಸಿಗೆ ಬಹಳ ಸಂಕಟ ಆಗಿತ್ತು.

ಅದಕ್ಕೇ ಒಂದು ವಿಷಯ ಕೈಮುಗಿದು ಕೇಳ್ತೀನಿ, ಕಾಡಿಂದ ಕಿತ್ತು ತರ್ಬೇಡಿ, ಬಿರುಗಾಳಿಗೆ ಕೊಂಬೆ ಮುರಿದು ದಾರೀಲಿ ಬಿದ್ದಿದ್ರೂ ಸರಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಎಲ್ಲ ಸ್ಥಳೀಯ ಆರ್ಕಿಡ್‌ಗೂ ಕಾನೂನಿನ ರಕ್ಷಣೆ ಇದೆ. ಕೊಳ್ಳುವಾಗ "ಇದು ಫ್ಲಾಸ್ಕಿಂದ ಬೆಳೆಸಿದ್ದಾ" ಅಂತ ಕೇಳಿ. ಆರ್ಕಿಡ್ ಬೀಜ ಧೂಳಿನ ಹಾಗಿರುತ್ತೆ, ಒಳಗೆ ಮೊಳಕೆಗೆ ಬೇಕಾದ ಆಹಾರ ಇರಲ್ಲ, ಕಾಡಲ್ಲಿ ಒಂದು ಬಗೆ ಶಿಲೀಂಧ್ರ ಸಿಕ್ಕಿದ್ರೆ ಮಾತ್ರ ಮೊಳೆಯುತ್ತೆ, ಬೆಳೆಸೋರು ಬಾಟಲಿಯೊಳಗೆ ಸಕ್ಕರೆ ಬೆರೆಸಿದ ಅಗರ್ ಅನ್ನೋ ಜೆಲ್ಲಿ ಮೇಲೆ ಮೊಳೆಸ್ತಾರೆ. ಬಾಟಲಿಯಿಂದ ಆಚೆ ಬಂದ ಸಸಿ ಹೂ ಬಿಡೋಕೆ ಹಲವು ವರ್ಷ ಬೇಕು. ಆ ವರ್ಷಗಳ ಬೆಲೆ ನೋಡಿದ್ರೆ ಮೂವತ್ತು ಡಾಲರ್ ಏನೂ ಅಲ್ಲ.

ಇದಕ್ಕೂ ನಮ್ಮೂರಿಗೂ ಒಂದು ನಂಟಿದೆ, ನಂಗೆ ಇದು ತಿಳಿದ ದಿನ ತುಂಬಾ ಖುಷಿಯಾಗಿತ್ತು. ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಜೊತೆ ಇನ್ವೆಸ್ಟಿಗೇಟರ್ ಹಡಗಲ್ಲಿ ಆಸ್ಟ್ರೇಲಿಯಾ ಸುತ್ತಿದ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ಗಿಡಕ್ಕೆ 1810ರಲ್ಲಿ ಹೆಸರಿಟ್ಟಿದ್ದು, ಶಾಲೇಲಿ ಓದಿದ ಬ್ರೌನಿಯನ್ ಚಲನೆಯ ಬ್ರೌನ್ ಅವರೇ, ಜೀವಕೋಶದ ನಡುವಿನ ಉಂಡೆಗೆ ನ್ಯೂಕ್ಲಿಯಸ್ ಅಂತ ಹೆಸರು ಕೊಟ್ಟಿದ್ದೂ ಅವರೇ, ಅದೂ ಆರ್ಕಿಡ್‌ಗಳನ್ನ ನೋಡ್ತಾ ಇದ್ದಾಗ. ಆಮೇಲೆ ಎಷ್ಟೋ ಕಾಲ ಪಶ್ಚಿಮ ಘಟ್ಟದ ಕೆಲವು ಪುಟ್ಟ ಆರ್ಕಿಡ್‌ಗಳನ್ನೂ ಇದೇ ಸಾರ್ಕೊಕೈಲಸ್ ಕುಲದಲ್ಲೇ ಇಟ್ಟಿದ್ರು. 1974ರಲ್ಲಿ ಬೆಂಗಳೂರಿನ ಜೆಸ್ಯೂಟ್ ಪಾದ್ರಿ, ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನ್ಹಾ ಸ್ಮಿತ್ಸೋನಿಯಾ ಅಂತ ಹೊಸ ಕುಲ ಮಾಡಿದ್ರು, ಹಿಂದೆ ಸಾರ್ಕೊಕೈಲಸ್ ಅನ್ನಿಸ್ಕೊಂಡಿದ್ದ ನಮ್ಮ ಗಿಡಗಳು ಅದಕ್ಕೆ ಬಂದವು. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ ದೊಡ್ಡ ಕೆಲಸ ಮಾಡಿದೋರು ಅವರು. ಈಗಲೂ ಎರಡೂ ಒಂದೇ ಉಪಪಂಗಡದ ಗಿಡಗಳು, ಮಲೆನಾಡಿನ ಮನೆ ಮುಂದಿನ ಹಲಸಿನ ಮರದಲ್ಲಿ ಮಳೆಗಾಲದ ಹೊತ್ತಿಗೆ ನೇತಾಡೋ ಸೀತಾಳೆ ದಂಡೆ ಕೂಡ ಅದೇ ಬಳಗ. ಬೇರು ಹಾಗೇ ಬೆಳ್ಳಿ, ಗೊಂಚಲು ಹಾಗೇ ಇಳಿಬೀಳೋದು. ಊರಿಂದ ಬಂದೋರು ಯಾರೇ ಇದನ್ನ ನೋಡಿದ್ರೂ ಸೀತಾಳೆ ದಂಡೆ ಮರಿ ಇದ್ದಂಗಿದೆ ಅಂತಾರೆ, ತಪ್ಪೇನಿಲ್ಲ ಅವರ ಮಾತಲ್ಲಿ.

ಊರಿಗೆ ಒಯ್ಯಬೋದಾ ಅಂತ ಅಮ್ಮ ಕೇಳಿದ್ರು, ನೀವೂ ಕೇಳ್ತೀರ. ಸೂಟ್‌ಕೇಸಲ್ಲಿ ಇಟ್ಕೊಂಡು ಹೋಗೋಕೆ ಖಂಡಿತ ಆಗಲ್ಲ. ಎಲ್ಲ ಆರ್ಕಿಡ್‌ಗಳೂ ಕಾಡಿನ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟೀಲಿವೆ, ರಫ್ತಿಗೆ ಪರ್ಮಿಟ್ ಬೇಕು, ಅಲ್ಲಿ ಇಳಿಯುವಾಗ ಸಸ್ಯ ಆರೋಗ್ಯ ಪ್ರಮಾಣಪತ್ರ, ಆಮದು ಪರವಾನಗಿ ಬೇಕು, ಒಂದು ಗಿಡಕ್ಕೆ ಅಷ್ಟು ಮಾಡೋರಿಲ್ಲ. ಮಾಡಿದ್ರೂ ಬೆಂಗಳೂರಿನ ಏಪ್ರಿಲ್ ಒಣ ಬಿಸಿಲಿಗೆ ಕಷ್ಟ ಪಡುತ್ತೆ. ಊರಲ್ಲಿರೋರು ತೋಟದ ಮರದ ಮೇಲೆ ತಾನಾಗೇ ಬಂದಿರೋ ಆರ್ಕಿಡ್‌ಗಳನ್ನ ಮರ ಸವರುವಾಗ ಕಡಿದು ಎಸೆಯದೆ ಪಕ್ಕದ ಮರಕ್ಕೆ ಕಟ್ಟಿದ್ರೆ ಅದೇ ದೊಡ್ಡದು, ನೆರಳು ಮರದ ಕೊಂಬೆ ಕಡಿಸೋ ಕಾಲದಲ್ಲಿ ಎಷ್ಟು ರಾಶಿ ಹೋಗುತ್ತೆ ಅಂತ ಕಣ್ಣಾರೆ ನೋಡಿದ್ದೀನಿ.

ಇನ್ನು ಕಡಿಮೆ ಮಾಡಿದ ಸ್ಟಾರಿನ ಉಳಿದ ಕಾರಣ, ಹೂ ಬಾಳಿಕೆ. ಎರಡು ವಾರ, ತಂಪಾಗಿದ್ರೆ ಇನ್ನೊಂದು ಸ್ವಲ್ಪ ದಿನ, ಅಷ್ಟೇ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಒಂದ್ಸಲ ಬಿಟ್ರೆ ಮತ್ತೆ ಮುಂದಿನ ವರ್ಷ. ಮೂರು ತಿಂಗಳು ನಿಲ್ಲೋ ಮಾತ್ ಆರ್ಕಿಡ್ ಪಕ್ಕ ಇಟ್ಟು ಲೆಕ್ಕ ಹಾಕೋರಿಗೆ ಇದು ನಷ್ಟದ ವ್ಯಾಪಾರ ಅನ್ಸುತ್ತೆ. ಬೆಳವಣಿಗೆಯೂ ನಿಧಾನ, ವರ್ಷಕ್ಕೆ ಒಂದೆರಡು ಎಲೆ. ನಮ್ಮನೇಲಿ ಹೆಚ್ಚಿನ ವರ್ಷ ನವರಾತ್ರಿ ಹೊತ್ತಿಗೆ ಅರಳುತ್ತೆ, ನನ್ನ ಹೆಂಡತಿ ಗೊಂಚಲು ಕೀಳೋಕೆ ಬಿಡಲ್ಲ, ಸ್ಲ್ಯಾಬ್ ಸಮೇತ ತಂದು ಗೊಂಬೆ ಕೂರಿಸಿದ ಮೆಟ್ಟಿಲ ಪಕ್ಕ ಒಂದು ಬೆಳಿಗ್ಗೆ ನೇತುಹಾಕಿ ಮಧ್ಯಾಹ್ನ ವಾಪಸ್ ಆಚೆ ಕಳಿಸ್ತಾಳೆ. ಬಂದ ನೆಂಟರಿಷ್ಟರೆಲ್ಲ ಗೊಂಬೆ ನೋಡೋದು ಬಿಟ್ಟು ಎಲ್ಲಿಂದ ಈ ವಾಸನೆ ಅಂತಾರೆ.

ತಗೊಳ್ಳೋರು ಶೋಗೆ ಹೋದಾಗ ಹೂ ಎಷ್ಟಿದೆ ಅಂತ ನೋಡೋಕೆ ಮುಂಚೆ ಬೇರು ನೋಡಿ. ತೊಗಟೆಗೆ ಅಂಟಿರೋ, ತುದಿ ಹಸಿರಾಗಿರೋ ಬೇರು ಮೂರ್ನಾಲ್ಕು ಇದ್ರೆ ಧೈರ್ಯವಾಗಿ ತಗೊಳ್ಳಿ, ಬೇರೆಲ್ಲ ಸುಕ್ಕಾಗಿ ಕಂದಾಗಿದ್ರೆ ಎಷ್ಟೇ ಹೂ ಇದ್ರೂ ಬಿಟ್ಬಿಡಿ. ಶೋ ಶುರುವಾದ ಮೊದಲ ಗಂಟೇಲೇ ಹೋಗಿ, ಫಾಲ್ಕೇಟಸ್ ಟೇಬಲ್ ಮೇಲೆ ಎರಡೋ ಮೂರೋ ಇರುತ್ತೆ, ಗೊತ್ತಿರೋರು ಬಂದು ಬೇಗ ಎತ್ಕೊಂಡು ಹೋಗ್ತಾರೆ. ಕಾರಲ್ಲಿ ತರುವಾಗ ಹಿಂದಿನ ಸೀಟಿನ ಕೆಳಗೆ ನೆರಳಲ್ಲಿ ಇಡಿ, ಡಿಕ್ಕೀಲಿ ಬೇಡ. ಸಿಡ್ನಿ ಉತ್ತರದ ಕಡೆ ಇರೋರು, ಬ್ಲೂ ಮೌಂಟನ್ಸ್ ತಪ್ಪಲಿನೋರು, ವೊಲಾಂಗಾಂಗ್ ಬೆಟ್ಟದ ಬುಡದೋರು, ಮೆಲ್ಬರ್ನಿನ ಡ್ಯಾಂಡೆನಾಂಗ್ ಪಕ್ಕದೋರು ಯೋಚನೆ ಮಾಡ್ದೆ ತಗೊಳ್ಳಿ, ಮಿಕ್ಕೋರು ಒಂದು ಬೇಸಿಗೆ ನಿಮ್ಮ ಹಿತ್ತಲಲ್ಲಿ ಥರ್ಮಾಮೀಟರ್ ನೇತುಹಾಕಿ ನೋಡಿ ಆಮೇಲೆ ತೀರ್ಮಾನ ಮಾಡಿ.